ರೋಡ್ ಬೈಕಿನ ಸೀಟು ಪ್ರಾಣ ಹಿಂಡುತ್ತಿದೆ: ಹೆಂಗಸರು ಯಾವ ಸ್ಯಾಡಲ್ ಹಾಕಿಸಿದ್ದೀರಿ?

ಖಡಕ್‌ವಾಸಲಾ ರೊಟ್ಟಿ

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಮುಜುಗರದ್ದು, ಆದರೆ ಇಲ್ಲಿ ಬಿಟ್ಟರೆ ಇನ್ನೆಲ್ಲಿ ಕೇಳಲಿ. ನಮ್ಮೂರು ವಿಜಯಪುರ, ಪುಣೆಗೆ ಬಂದು ಹನ್ನೊಂದು ವರ್ಷ, ಮನೆ ವಾರಜೆಯಲ್ಲಿ. ಮೂರು ತಿಂಗಳ ಹಿಂದೆ ಹಳೆಯ ಹೈಬ್ರಿಡ್ ಸೈಕಲ್ ಮಾರಿ ರೋಡ್ ಬೈಕ್, ಅಂದರೆ ಮುಂದೆ ಬಾಗಿ ಓಡಿಸುವ ರೇಸ್ ಥರದ ಸೈಕಲ್, ತಗೊಂಡೆ. ವಾರದಲ್ಲಿ ಎರಡು ದಿನ ಎನ್‌ಡಿಎ ರಸ್ತೆಯಲ್ಲಿ 25 ಕಿ.ಮೀ., ಭಾನುವಾರ ಖಡಕ್‌ವಾಸಲಾ ದಾಟಿ ಡೋಣಜೆವರೆಗೆ. ಕಾಲು ಚೆನ್ನಾಗಿದೆ, ಉಸಿರೂ ಸಾಲುತ್ತದೆ. ಆದರೆ 15 ಕಿ.ಮೀ. ಆಯಿತೋ ಇಲ್ಲವೋ, ಕೆಳಗೆ ಮುಂಭಾಗದಲ್ಲಿ ಉರಿ ಶುರು. ಆಮೇಲೆ ಜೋಮು. ಮನೆಗೆ ಬಂದು ಸ್ನಾನ ಮಾಡುವಾಗಲೂ ಆ ಜಾಗ ನನ್ನದಲ್ಲವೇನೋ ಅನ್ನುವಷ್ಟು ಜೋಮು.

ಬೈಕ್ ಕೊಂಡ ಅಂಗಡಿಯಲ್ಲಿ ಹೇಳಿದೆ. ಹುಡುಗ ನನ್ನ ಮುಖ ನೋಡದೆ, ಗೋಡೆ ನೋಡಿಕೊಂಡು, "ಮೇಡಂ, ಲೇಡೀಸ್ ಜೆಲ್ ಕವರ್ ಹಾಕಿ" ಅಂದ. ಹಾಕಿದೆ. ಮೊದಲ ಐದು ಕಿ.ಮೀ. ಸೋಫಾ. ಹತ್ತು ದಾಟಿದ ಮೇಲೆ ಮೊದಲಿಗಿಂತ ಜಾಸ್ತಿ ನೋವು. ನಮ್ಮ ಗುಂಪಿನ ಹಿರಿಯರು "ರೂಢಿ ಆಗುತ್ತದೆ, ಆರು ತಿಂಗಳು ತಡ್ಕೊಳ್ಳಿ" ಅನ್ನುತ್ತಾರೆ. ಆರು ತಿಂಗಳು! ಬಾಣಂತನವೇ ಅದಕ್ಕಿಂತ ಬೇಗ ಮುಗಿದಿತ್ತು.

ಯಾವ ಸೀಟು ತಗೊಳ್ಳಲಿ? ಹೆಸರು ಹೇಳಿ ಸಾಕು, ತಗೊಂಡುಬಿಡುತ್ತೇನೆ.

ಕಾತ್ರಜ್ ಏರು

ಅಕ್ಕಾ, ಹೆಸರು ಹೇಳುವುದಿಲ್ಲ. ಹೆಸರು ಕೇಳಿ ಕೇಳಿಯೇ ನಾನು ನಾಲ್ಕು ಸೀಟು ಕೊಂಡೆ, ನಾಲ್ಕರಲ್ಲಿ ಮೂರು ಈಗಲೂ ಅಟ್ಟದ ಮೇಲಿವೆ. ಬೇರೆಯವರ ಚಪ್ಪಲಿ ನಂಬರ್ ಕೇಳಿ ನಾವು ಚಪ್ಪಲಿ ತಗೊಳ್ಳುತ್ತೇವಾ?

ಮೊದಲು ಒಂದು ಪ್ರಶ್ನೆ. ನೋವು ಮೂಳೆಗೋ, ಮೆತ್ತನೆ ಜಾಗಕ್ಕೋ? ಕೂತಾಗ ಹಲಗೆಗೆ ತಾಗುವ ಎರಡು ಮೂಳೆ ಇವೆಯಲ್ಲ, ಕುಂಡಿಯ ಕೆಳಗೆ, ಆ ಜಾಗ ನೋಯುತ್ತಿದ್ದರೆ ಅದು ಹೊಸಬರ ನೋವು. ಅದಕ್ಕೆ ರೂಢಿ ಅನ್ನುವ ಮಾತು ಒಪ್ಪುತ್ತದೆ, ಎರಡು ಮೂರು ವಾರದಲ್ಲಿ ಹೋಗುತ್ತದೆ. ನೀವು ಹೇಳುತ್ತಿರುವುದು ಮುಂಭಾಗದ ಉರಿ ಮತ್ತು ಜೋಮು. ಅಲ್ಲಿರುವುದು ನರ, ರಕ್ತನಾಳ, ಮೆತ್ತನೆ ಮಾಂಸ. ಭಾರ ಹೊರುವುದು ಅದರ ಕೆಲಸವೇ ಅಲ್ಲ. ಅದು ರೂಢಿ ಆಗುವುದಿಲ್ಲ, ಆಗಲೂಬಾರದು.

ಜೆಲ್ ಕವರಿನ ಕಥೆಯೂ ಅದೇ. ಮೂಳೆ ಜೆಲ್ಲಿನಲ್ಲಿ ಹೂತುಹೋಗುತ್ತದೆ. ಒತ್ತಿದ ಜೆಲ್ ಎಲ್ಲಿಗೆ ಹೋಗಬೇಕು? ನಡುವೆ ಉಬ್ಬುತ್ತದೆ. ಯಾವ ಜಾಗ ಬಿಡುವಾಗಿರಬೇಕೋ ಅಲ್ಲಿಗೇ ಬಂದು ಒತ್ತುತ್ತದೆ. ಇವತ್ತೇ ಕಿತ್ತು ಬಿಸಾಕಿ.

ಈಗ ಅಳತೆ. ಫ್ರಿಜ್ಜೋ ಮಿಕ್ಸಿಯೋ ಬಂದ ಬಾಕ್ಸಿನ ರಟ್ಟು ಒಂದು ತುಂಡು ಬೇಕು, ಒಳಗೆ ಅಲೆಯಂತೆ ಇರುತ್ತದಲ್ಲ, ಅಂಥದ್ದು. ಗಟ್ಟಿ ಸ್ಟೂಲಿನ ಮೇಲೆ ಅಥವಾ ಮೆಟ್ಟಿಲ ಮೇಲೆ ಇಡಿ. ತೆಳು ಬಟ್ಟೆಯಲ್ಲಿ ಕೂತ್ಕೊಳ್ಳಿ, ಹ್ಯಾಂಡಲ್ ಹಿಡಿದ ಹಾಗೆ ಮುಂದೆ ಬಾಗಿ, ಹಿಮ್ಮಡಿ ಸ್ವಲ್ಪ ಎತ್ತಿ. ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದು ನಿಮ್ಮನ್ನೇ ಕೆಳಗೆ ಎಳೆದುಕೊಳ್ಳಿ, ಅರ್ಧ ನಿಮಿಷ. ಎದ್ದರೆ ಎರಡು ತಗ್ಗು ಕಾಣುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ. ಅದಕ್ಕೆ ಸುಮಾರು 25 ಮಿ.ಮೀ. ಕೂಡಿಸಿದರೆ ರೋಡ್ ಬೈಕಿಗೆ ಬೇಕಾದ ಸೀಟಿನ ಅಗಲದ ಅಂದಾಜು ಸಿಗುತ್ತದೆ. ಸೀಟಿನ ಅಂಚು ಎರಡೂ ಕಡೆ ಇಳಿಜಾರು, ಅಲ್ಲಿ ಮೂಳೆ ನಿಲ್ಲುವುದಿಲ್ಲ, ಅದಕ್ಕೇ ಕೂಡಿಸುವುದು. ಬೈಕಿನ ಜೊತೆ ಬಂದ ಸೀಟಿನ ಅಗಲವನ್ನೂ ಸ್ಕೇಲ್ ಹಿಡಿದು ನೋಡಿ ಹೇಳಿ.

ಬ್ರೇಕ್ ಬೇಡ

ನಾನು ಎರಡು ವರ್ಷದಿಂದ ಕಂಪನಿ ಸೀಟಲ್ಲೇ ಓಡಿಸುತ್ತಿದ್ದೇನೆ, ಲವಾಸಾ ಹೋಗಿ ಬಂದಿದ್ದೇನೆ, ಬೋಪ್‌ದೇವ್ ಘಾಟ್ ಲೆಕ್ಕವೇ ಇಲ್ಲ. ಶುರುವಿನಲ್ಲಿ ಎಲ್ಲರಿಗೂ ನೋಯುತ್ತದೆ. ಈ ಅಳತೆ ಗಿಳತೆ ಎಲ್ಲ ಮಾರುವವರ ತಂತ್ರ ಅಂತ ನನ್ನ ಅಭಿಪ್ರಾಯ. ಕೋರ್, ಅಂದರೆ ಹೊಟ್ಟೆ-ಬೆನ್ನಿನ ಸ್ನಾಯು, ಗಟ್ಟಿ ಮಾಡಿಕೊಳ್ಳಿ, ಪ್ಲ್ಯಾಂಕ್ ವ್ಯಾಯಾಮ ಮಾಡಿ.

ಕಾತ್ರಜ್ ಏರು

ಅಣ್ಣಾ, ರಟ್ಟಿನ ತುಂಡಿಗೆ ಯಾರಿಗೂ ದುಡ್ಡು ಹೋಗುವುದಿಲ್ಲ. ಮಾರುವವರ ತಂತ್ರ ಅದರಲ್ಲಿ ಎಲ್ಲಿದೆ?

ಮುಲುಂಡ್ ಮೀನುಸಾರು

ಮಾರಾಯ್ರೇ, ಪ್ಲ್ಯಾಂಕ್ ಮಾಡಿದರೆ ಸೀಟು ಅಗಲ ಆಗುತ್ತದಾ?

ನಾನು ಮುಂಬೈಯವಳು, ಉಡುಪಿ ಕಡೆಯವಳು. ನನ್ನ ಕಥೆ ಉಲ್ಟಾ, ಅದಕ್ಕೇ ಬರೆಯುತ್ತಿದ್ದೇನೆ. ಅಂಗಡಿಯವರು "ಲೇಡೀಸ್ ಅಂದರೆ ಅಗಲ" ಅಂತ ಹೇಳಿ ನನಗೆ 168 ಮಿ.ಮೀ. ಸೀಟು ಹಾಕಿ ಕಳಿಸಿದರು. ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಬೆಳಿಗ್ಗೆ ಐದಕ್ಕೆ ಹೊರಟರೆ ಸಯನ್ ತಲುಪುವಷ್ಟರಲ್ಲಿ ತೊಡೆಯ ಒಳಭಾಗ ಎರಡೂ ಕಡೆ ಕೆಂಪು. ಪೆಡಲ್ ತುಳಿದಾಗಲೆಲ್ಲ ಸೀಟಿನ ರೆಕ್ಕೆಗೆ ಉಜ್ಜುತ್ತಿತ್ತು. ಆಮೇಲೆ ಅಳೆದರೆ ನನ್ನದು 104. ಈಗ 143ರ ಮೇಲೆ ಆರಾಮಾಗಿ ಇದ್ದೇನೆ, ಅದು "ಗಂಡಸರ" ಸೀಟು ಅಂತೆ. ಹೆಂಗಸರ ಮೂಳೆಗಳ ಅಂತರ ಸರಾಸರಿಯಲ್ಲಿ ಜಾಸ್ತಿ ಅನ್ನುವುದು ನಿಜ, ಆದರೆ ನಾವು ಸರಾಸರಿಯನ್ನು ಸೀಟಿನ ಮೇಲೆ ಕೂರಿಸುವುದಿಲ್ಲವಲ್ಲ.

ಇನ್ನೊಂದು ವಿಷಯ. ಉದ್ದ ಮೂತಿಯ ಹಳೆ ಮಾದರಿ ಸೀಟು ಬಿಟ್ಟು ಗಿಡ್ಡ ಮೂತಿಯದ್ದು ನೋಡಿ. ಹಳೆಯವು 270-280 ಮಿ.ಮೀ. ಉದ್ದ ಇರುತ್ತವೆ. ಸ್ಪೆಷಲೈಜ್ಡ್ ಕಂಪನಿಯ ಪವರ್ ಅನ್ನುವ ಸೀಟು 240. ಕೆಳಗೆ ಬಾಗಿ ಡ್ರಾಪ್ಸ್ (ಹ್ಯಾಂಡಲಿನ ಕೆಳಗಿನ ಬಾಗು) ಹಿಡಿದಾಗ ಮುಂದೆ ಒತ್ತಲು ಮೂತಿಯೇ ಇರುವುದಿಲ್ಲ. ಆದರೆ ಹಾಕುವಾಗ ಮೂತಿ ಹಳೇ ಜಾಗಕ್ಕೆ ಬರುವಂತೆ ಇಡಬೇಡಿ, ನಾನು ಅದೇ ತಪ್ಪು ಮಾಡಿ ಕೈಯೆಲ್ಲ ನೋಯಿಸಿಕೊಂಡೆ. ಹಳೆ ಸೀಟಿನಲ್ಲಿ 80 ಮಿ.ಮೀ. ಅಗಲ ಆಗುವ ಜಾಗಕ್ಕೆ ಪೆನ್ಸಿಲಿನಿಂದ ಗೆರೆ ಹಾಕಿ, ಹೊಸದರಲ್ಲೂ ಹಾಕಿ, ಆ ಎರಡು ಗೆರೆ ಹ್ಯಾಂಡಲಿನಿಂದ ಒಂದೇ ದೂರಕ್ಕೆ ಬರಬೇಕು. ಮೂತಿ ತಾನಾಗಿ ಹಿಂದೆ ಹೋಗುತ್ತದೆ.

ಖಡಕ್‌ವಾಸಲಾ ರೊಟ್ಟಿ

ಅಳೆದೆ. ಅದೊಂದು ರಾಮಾಯಣ.

ಗ್ರೈಂಡರ್ ಬಂದ ಬಾಕ್ಸು ಹರಿದು ಮಣೆ ಮೇಲೆ ಇಟ್ಟು ಕೂತೆ. ಎದ್ದರೆ ತಗ್ಗು ಸರಿಯಾಗಿ ಕಾಣಲಿಲ್ಲ. ಬಾಗಿಲ ಹತ್ತಿರ ರಂಗೋಲಿ ಡಬ್ಬಿ ಇತ್ತು, ಒಂದು ಚಿಟಿಕೆ ಪುಡಿ ಉದುರಿಸಿ ರಟ್ಟು ಅಲ್ಲಾಡಿಸಿದೆ. ಪುಡಿ ಹೋಗಿ ಎರಡು ಕುಳಿಯಲ್ಲಿ ನಿಂತಿತು, ಬೆಳ್ಳಗೆ, ಎರಡು ಬಟಾಣಿ ಇಟ್ಟ ಹಾಗೆ. ಅಷ್ಟರಲ್ಲಿ ಅತ್ತೆ ಬಂದರು. ಮಣೆ, ರಟ್ಟು, ರಂಗೋಲಿ, ಕೈಯಲ್ಲಿ ಟೇಪು. "ಏನವ್ವಾ ಇದು, ಯಾವ ಪೂಜಿ?" ಅಂದರು. ಏನು ಹೇಳಲಿ. ಸೈಕಲ್ ಪೂಜೆ ಅಂದೆ.

ಮೊದಲು 160 ಬಂತು, ಹೆದರಿದೆ. ಆಮೇಲೆ ನೋಡಿದರೆ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದಿದ್ದೆ. ನಡುವಿನಿಂದ ನಡುವಿಗೆ 131. ಮೂರು ಸಲ ಮಾಡಿದೆ: 131, 129, 131. ಬೈಕಿನ ಸೀಟು ಸ್ಕೇಲಿನಲ್ಲಿ 142.

ಕಾತ್ರಜ್ ಏರು

ನೋಡಿ, ಸಿಕ್ಕಿತಲ್ಲ. 131ಕ್ಕೆ 25 ಸೇರಿಸಿ, 156. ಅಂದರೆ ನಿಮ್ಮ ಮೂಳೆ ಇಷ್ಟು ದಿನ ಸೀಟಿನ ಇಳಿಜಾರಿನಲ್ಲಿ ಜಾರುತ್ತಿದ್ದವು, ನಡುವಿನ ಮೆತ್ತನೆ ಜಾಗ ಭಾರ ಹೊರುತ್ತಿತ್ತು. 155ರಲ್ಲಿ ಹುಡುಕಿ. ತುಂಬಾ ಕಂಪನಿಗಳು ಒಂದೇ ಸೀಟನ್ನು 143, 155, 168 ಹೀಗೆ ಬೇರೆ ಬೇರೆ ಅಗಲದಲ್ಲಿ ಮಾಡುತ್ತವೆ. ಕೊಳ್ಳುವ ಮೊದಲು, ಹಾಕಿ ಓಡಿಸಿ ಸರಿ ಹೋಗದಿದ್ದರೆ ವಾಪಸ್ ತಗೊಳ್ತೀರಾ ಅಂತ ಬಾಯಿಬಿಟ್ಟು ಕೇಳಿ. ಇಲ್ಲ ಅಂದರೆ ಯಾರಾದರೂ ಗೆಳತಿಯ ಸೀಟು ಬೇಡಿ ತಂದು ಒಂದು ವಾರ ಓಡಿಸಿ. ನನ್ನ ಅಟ್ಟದ ಮೇಲೆ 155ರದ್ದು ಒಂದಿದೆ. ಕಾತ್ರಜ್‌ವರೆಗೆ ಬಂದು ತಗೊಂಡು ಹೋಗಿ.

ಹುಬ್ಬಳ್ಳಿ ಫಿಸಿಯೋ, ಈಗ ಬಾಣೇರ್

ಸೀಟು ಬದಲಾಯಿಸುವ ಮೊದಲು ಎತ್ತರ ನೋಡಿ ಅಂತ ಹೇಳಲು ಬಂದೆ. ನಾನು ಫಿಸಿಯೋ, ಸೈಕಲ್ ಓಡಿಸುವವರು ಬಹಳ ಜನ ಬರುತ್ತಾರೆ. "ಸೀಟು ಕೆಟ್ಟದು" ಅಂತ ಬಂದವರಲ್ಲಿ ಎಷ್ಟೋ ಜನರ ಸೀಟು ಕೆಟ್ಟಿರುವುದಿಲ್ಲ, ಎತ್ತರ ಜಾಸ್ತಿ ಆಗಿರುತ್ತದೆ. ಸೀಟು ಎತ್ತರ ಇದ್ದರೆ ಕೆಳಗಿನ ಪೆಡಲ್ ಮುಟ್ಟಲು ಸೊಂಟ ಎಡಕ್ಕೆ ಬಲಕ್ಕೆ ಇಳಿಯಬೇಕಾಗುತ್ತದೆ. ಒಂದು ನಿಮಿಷಕ್ಕೆ 80 ಸುತ್ತು ತುಳಿದರೆ 80 ಸಲ ಆ ಕಡೆ, 80 ಸಲ ಈ ಕಡೆ ಉಜ್ಜುತ್ತದೆ. ಯಾವ ಸೀಟು ತಡೆಯುತ್ತದೆ ಹೇಳಿ.

ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಲ್ಲಿ. ದಪ್ಪ ಪುಸ್ತಕ ಕಾಲ ನಡುವೆ ಇಟ್ಟು ಸೀಟಿನ ಹಾಗೆ ಮೇಲಕ್ಕೆ ಒತ್ತಿ. ನೆಲದಿಂದ ಪುಸ್ತಕದ ಮೇಲಂಚಿಗೆ ಎಷ್ಟು ಸೆಂ.ಮೀ. ಅಂತ ಅಳೆದು 0.883ರಿಂದ ಗುಣಿಸಿ. ಪೆಡಲಿನ ಕ್ರ್ಯಾಂಕ್ ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲಿನವರೆಗೆ ಅಷ್ಟು ಇರಬೇಕು. ಇದು ಶುರುವಿಗೆ ಮಾತ್ರ, ಆಮೇಲೆ ಎರಡು ಮೂರು ಮಿ.ಮೀ. ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಹೊಸ ಸೀಟು ಹಾಕಿದ ಮೇಲೆ ಮತ್ತೆ ಅಳೆಯಿರಿ, ಒಂದೊಂದು ಸೀಟು ಒಂದೊಂದು ದಪ್ಪ.

ಎರಡನೆಯದು ಮೂತಿಯ ಓರೆ. ಸೀಟಿನ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಇಟ್ಟು, ಅದರ ಮೇಲೆ ಫೋನಿನ ಲೆವೆಲ್ ಅಥವಾ ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿ. ಮಟ್ಟವಾಗಿ ಇರಲಿ, ಬೇಕಿದ್ದರೆ ಮೂತಿ ಒಂದೆರಡು ಡಿಗ್ರಿ ಕೆಳಗೆ. ಮೇಲಕ್ಕಂತೂ ಬೇಡವೇ ಬೇಡ. ಜಾಸ್ತಿ ಕೆಳಗೆ ಮಾಡಿದರೆ ಮುಂದಕ್ಕೆ ಜಾರಿ ಕೈ, ಭುಜಕ್ಕೆ ಭಾರ ಬೀಳುತ್ತದೆ. ಓರೆಯ ವಿಷಯಕ್ಕೆ ರೇಸ್ ಓಡಿಸುವ ಹೆಂಗಸರೂ ಒದ್ದಾಡಿದ್ದಾರೆ. ರಿಯೊ ಒಲಿಂಪಿಕ್ಸ್‌ಗೆ ಮುಂಚೆ ಬ್ರಿಟನ್ ತಂಡದವರು ತಮ್ಮ ಹುಡುಗಿಯರ ಸೀಟಿನ ಹುಣ್ಣಿನ ಬಗ್ಗೆ ತಜ್ಞರನ್ನು ಕೂರಿಸಿ ಮಾತಾಡಿಸಿದರು. 2016ರಲ್ಲಿ ಸೈಕಲ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ ಕೂಡ ನಿಯಮ ಸಡಿಲಿಸಿ 9 ಡಿಗ್ರಿವರೆಗೆ ಓರೆ ಮಾಡಲು ಬಿಟ್ಟಿತು. ಆ ತಜ್ಞರು ಹೇಳಿದ ಇನ್ನೊಂದು ಮಾತು ನಮ್ಮ ಪೇಷೆಂಟ್‌ಗಳಿಗೆ ಹೇಳಿದರೆ ಆಶ್ಚರ್ಯಪಡುತ್ತಾರೆ: ಕೆಳಗಿನ ಕೂದಲು ತೆಗೆಯಬೇಡಿ. ವ್ಯಾಕ್ಸ್, ರೇಜರ್ ಎರಡೂ ಬೇಡ. ಕೂದಲು ಉಜ್ಜಾಟ ತಡೆಯುತ್ತದೆ, ಬೆವರು ಎಳೆಯುತ್ತದೆ. ತೆಗೆದರೆ ಬುಡದಲ್ಲಿ ಗುಳ್ಳೆ ಏಳುತ್ತದೆ.

ಒಂದು ಕಡೆ ಮಾತ್ರ ಊತ ಬಂದು ಇಳಿಯದೆ ಇದ್ದರೆ, ಅಥವಾ ಜೋಮು ಮಾರನೇ ದಿನಕ್ಕೂ ಉಳಿದರೆ ಇಲ್ಲಿ ಕೇಳುತ್ತ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಬ್ರೇಕ್ ಬೇಡ

ಆಯ್ತು, ಪ್ಲ್ಯಾಂಕ್ ಮಾತು ವಾಪಸ್ ತಗೊಂಡೆ. ಆದರೆ ಬಿಬ್ ಶಾರ್ಟ್ಸ್ (ಒಳಗೆ ಪ್ಯಾಡ್, ಭುಜಕ್ಕೆ ಪಟ್ಟಿ ಇರುವ ಸೈಕಲ್ ಚಡ್ಡಿ) ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಸೀಟಿಗಿಂತ ಅದರಿಂದಲೇ ಜಾಸ್ತಿ ಫರಕ್ ಆಯಿತು.

ಮುಲುಂಡ್ ಮೀನುಸಾರು

ಇದು ಸರಿ ಮಾತು, ಅಣ್ಣ. ರೊಟ್ಟಿ ಅಕ್ಕಾ, ಪ್ಯಾಡ್ ಇರುವ ಶಾರ್ಟ್ಸ್ ಹಾಕುತ್ತೀರಲ್ಲ? ಒಳಗೆ ಚಡ್ಡಿ ಹಾಕುವುದಿಲ್ಲ ತಾನೇ? ಸುಮ್ನೆ ಕೇಳುತ್ತಿಲ್ಲ, ನಾನೇ ಮೊದಲ ನಾಲ್ಕು ತಿಂಗಳು ಹಾಕಿಕೊಂಡೇ ಓಡಿಸಿದೆ. ಚಡ್ಡಿಯ ಹೊಲಿಗೆ ಸರಿಯಾಗಿ ಉಜ್ಜುವ ಜಾಗಕ್ಕೇ ಬರುತ್ತದೆ.

ಹೆಂಗಸರ ಬಿಬ್ಬಿನ ಪ್ಯಾಡ್ ಹಿಂದೆ ಅಗಲ ಇರುತ್ತದೆ, ನಡುವೆ ಹೊಲಿಗೆ ಇರುವುದಿಲ್ಲ. ಪ್ಯಾಡ್ ದಪ್ಪ ಇದ್ದಷ್ಟೂ ಒಳ್ಳೆಯದು ಅಂತ ಇಲ್ಲ, ಅದೂ ಜೆಲ್ ಕವರಿನ ಕಥೆಯೇ. ಹಿಂಭಾಗ ಬಿಚ್ಚಿ ಕೆಳಗೆ ಇಳಿಸಬಹುದಾದ ಬಿಬ್ ಬರುತ್ತವೆ, ಸ್ವಲ್ಪ ಜಾಸ್ತಿ ದುಡ್ಡು. ಹೈವೇ ಢಾಬಾದ ಟಾಯ್ಲೆಟ್ಟಿನಲ್ಲಿ ಜೆರ್ಸಿ ಬಿಚ್ಚಿ ಮೊಳೆ ಹುಡುಕುತ್ತ ಒಂಟಿ ಕಾಲಲ್ಲಿ ನಿಂತವರಿಗೆ ಗೊತ್ತು ಆ ದುಡ್ಡಿನ ಬೆಲೆ.

ಮುಟ್ಟಿನ ದಿನಗಳಲ್ಲಿ ಸ್ಯಾನಿಟರಿ ಪ್ಯಾಡ್ ಹಾಕಿ ಕೂತರೆ ಅಂಚು ಕೊಯ್ಯುತ್ತದೆ. ನಾನು ಮೆನ್‌ಸ್ಟ್ರುವಲ್ ಕಪ್‌ಗೆ ಬದಲಾದೆ. ಎಲ್ಲರಿಗೂ ಆಗಬೇಕು ಅಂತಿಲ್ಲ.

ಮಳೆಗಾಲದಲ್ಲಿ ಮುಂಬೈಯಲ್ಲಿ ಬಿಬ್ ಒಣಗುವುದು ದೇವರಿಗೇ ಪ್ರೀತಿ. ಅರೆ ಒಣಗಿದ್ದು ಹಾಕಬೇಡಿ, ಅದರಿಂದಲೇ ಅರ್ಧ ಗುಳ್ಳೆ. ಉಲ್ಟಾ ಮಾಡಿ, ಪ್ಯಾಡ್ ಹೊರಗೆ ಬರುವಂತೆ ಫ್ಯಾನಿನ ಕೆಳಗೆ ಹಾಕಿ. ಮನೆಗೆ ಬಂದ ತಕ್ಷಣ ಬಿಚ್ಚಿ. ಬೆವರಿನ ಬಿಬ್ಬಿನಲ್ಲಿ ಕೂತು ಇಡ್ಲಿ ತಿನ್ನುತ್ತ ಹರಟೆ ಹೊಡೆಯುವುದು ಇದೆಯಲ್ಲ, ನಮ್ಮ ಗುಂಪಿನವರ ಚಟ, ಅದೇ ವೈರಿ.

ವಾಸ್ಕೋ ಮಳೆ

ಗೋವಾದಿಂದ ಒಂದು ಮಾತು. ನಾನು ಬ್ರೂಕ್ಸ್ ಬಿ17 ಚರ್ಮದ ಸೀಟಿನ ಭಕ್ತೆ. ಜೆಲ್ಲೂ ಇಲ್ಲ, ಫೋಮೂ ಇಲ್ಲ, ತಮಟೆಯ ಹಾಗೆ ಬಿಗಿದ ಚರ್ಮ. ಓಡಿಸುತ್ತ ಓಡಿಸುತ್ತ ನಮ್ಮ ಮೂಳೆಯ ಜಾಗಕ್ಕೆ ಎರಡು ತಗ್ಗು ಬೀಳುತ್ತವೆ. ನನ್ನದು ಈಗ ಹಳೇ ಮೆಟ್ಟಿನ ಹಾಗೆ.

ಕಾತ್ರಜ್ ಏರು

ಮಳೆ ಅಕ್ಕಾ, ಬಿ17 ಅಗಲ 175. ನಿಮ್ಮದು ಹ್ಯಾಂಡಲ್ ಎತ್ತರ ಇರುವ ಟೂರಿಂಗ್ ಬೈಕ್ ಅಲ್ವಾ? ನೆಟ್ಟಗೆ ಕೂತಾಗ ಭಾರವೆಲ್ಲ ಹಿಂದೆ, ಅಗಲ ಬೇಕು. ಮುಂದೆ ಬಾಗಿದಂತೆ ಸೊಂಟ ಮುಂದಕ್ಕೆ ಉರುಳುತ್ತದೆ, ಮೂಳೆಗಳು ಮುಂದೆ ಹೋಗುತ್ತ ಒಂದಕ್ಕೊಂದು ಹತ್ತಿರವಾಗುತ್ತವೆ. ರೋಡ್ ಬೈಕಿನಲ್ಲಿ ಅಷ್ಟು ಅಗಲ ತೊಡೆಗೆ ತಾಗೀತು.

ವಾಸ್ಕೋ ಮಳೆ

ಹೌದು, ನನ್ನದು ಟೂರಿಂಗ್. ನಿಜ ಹೇಳಬೇಕೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ ಬೂಸ್ಟು ಒರೆಸುವುದೇ ಕೆಲಸ. ಒದ್ದೆ ಚರ್ಮದ ಮೇಲೆ ಕೂತರೆ ಜೋತು ಬೀಳುತ್ತದೆ. ರೊಟ್ಟಿ ಅಕ್ಕನಿಗೆ ಬೇಡ ಬಿಡಿ.

ಖಡಕ್‌ವಾಸಲಾ ರೊಟ್ಟಿ

ಬರೆಯಲು ತಡವಾಯಿತು, ಐದು ವಾರ ಆಯಿತು. ನಡೆದದ್ದು ಹೇಳುತ್ತೇನೆ.

ಪುಸ್ತಕ ಒತ್ತಿ ಅಳೆದರೆ ಕಾಲು 72 ಸೆಂ.ಮೀ. ಗುಣಿಸಿದರೆ 63.6. ನನ್ನ ಸೀಟು ಇದ್ದದ್ದು 65ಕ್ಕೆ! ಅಂಗಡಿಯ ಹುಡುಗ ಹಾಗೇ ಇಟ್ಟು ಕಳಿಸಿದ್ದ, ನಾನೂ ನೋಡಿರಲಿಲ್ಲ. ಮೂತಿ ಮೂರು ಡಿಗ್ರಿ ಮೇಲೆ. ಮೊದಲು ಇವೆರಡನ್ನೇ ಸರಿ ಮಾಡಿ, ಹಳೆ ಸೀಟಿನಲ್ಲೇ ಒಂದು ವಾರ ಓಡಿಸಿದೆ. ಉರಿ ಅರ್ಧ ಹೋಯಿತು, ಜೋಮು ಹೋಗಲಿಲ್ಲ.

ಆಮೇಲೆ ಏರು ಅಕ್ಕನ ಅಟ್ಟದ 155. ನಡುವೆ ಉದ್ದಕ್ಕೆ ತೂತು ಇರುವುದು. ಜೋಮು ಪೂರ್ತಿ ಹೋಯಿತು, ಆದರೆ ಅದರ ತೂತಿನ ಅಂಚು ನನಗೆ ಒತ್ತುತ್ತಿತ್ತು, 40 ಕಿ.ಮೀ. ಆದ ಮೇಲೆ ಎರಡು ಗೆರೆ ಬರೆ ಎಳೆದ ಹಾಗೆ. ಅಗಲ ಸರಿ, ತೂತು ಸರಿ ಇಲ್ಲ ಅಂತ ಗೊತ್ತಾಯಿತು. ಈಗ ಅದೇ ಅಗಲದಲ್ಲಿ ತೂತಿನ ಬದಲು ನಡುವೆ ಮೆತ್ತನೆ ಫೋಮ್ ತುಂಬಿದ ಗಿಡ್ಡ ಮೂತಿಯದ್ದು ತಗೊಂಡಿದ್ದೇನೆ. ಎಂಬತ್ತು ಮಿ.ಮೀ. ಗೆರೆ ಹಾಕಿಯೇ ಕೂರಿಸಿದೆ, ಐದು ನಂಬರಿನ ಅಲನ್ ಕೀ ಹಿಡಿದು, ಯೂಟ್ಯೂಬ್ ನೋಡದೆ. ಇನ್ನೂ ಸ್ವಲ್ಪ ಮುಂದೆ ಜಾರುತ್ತಿದ್ದೆ, ಹ್ಯಾಂಡಲ್ ದೂರ ಅನ್ನಿಸಿತು. ಸ್ಟೆಮ್ (ಹ್ಯಾಂಡಲನ್ನು ಬೈಕಿಗೆ ಜೋಡಿಸುವ ತುಂಡು) 100 ಮಿ.ಮೀ. ಇದ್ದದ್ದು 80 ಹಾಕಿಸಿದ ಮೇಲೆ ಅದೂ ನಿಂತಿತು.

ಹೋದ ಭಾನುವಾರ ಡೋಣಜೆಯಲ್ಲಿ ನಿಲ್ಲಲಿಲ್ಲ, ಸಿಂಹಗಡ ಪೂರ್ತಿ ಏರಿದೆ. ಏರಿಗೆ ಕಾಲು ಸತ್ತವು, ಅದು ಬೇರೆ. ಮೇಲೆ ಕಲ್ಲಿನ ಕಟ್ಟೆ ಮೇಲೆ ಕೂತು ಪಿಠ್ಲಾ ಭಾಕ್ರಿ, ಮಡಕೆ ಮೊಸರು. ಭಾಕ್ರಿ ನಮ್ಮ ರೊಟ್ಟಿಯಷ್ಟು ತೆಳು ಇಲ್ಲ, ಅದನ್ನು ಪುಣೆಯವರ ಮುಂದೆ ಹೇಳುವಂತಿಲ್ಲ. ತಿನ್ನುತ್ತ ಅರ್ಧ ಆದ ಮೇಲೆ ನೆನಪಾಯಿತು, ಕಲ್ಲಿನ ಮೇಲೆ ಕೂತಿದ್ದೇನೆ, ಏನೂ ನೋಯುತ್ತಿಲ್ಲ ಅಂತ.

ಜೆಲ್ ಕವರ್ ಬಿಸಾಕಲಿಲ್ಲ. ಅತ್ತೆ ಪೂಜೆಗೆ ಕೂರುವ ಮಣೆಗೆ ಹಾಕಿಕೊಂಡಿದ್ದಾರೆ. ಬಹಳ ಚಲೋ ಅದ ಅಂತಾರೆ.

ಹುಬ್ಬಳ್ಳಿ ಫಿಸಿಯೋ, ಈಗ ಬಾಣೇರ್

ಒಂದೊಂದೇ ಬದಲಾಯಿಸಿದಿರಲ್ಲ, ಅದು ಒಳ್ಳೆಯದಾಯಿತು. ಎಲ್ಲ ಒಟ್ಟಿಗೆ ಮಾಡಿದ್ದರೆ ಯಾವುದರಿಂದ ಸರಿ ಹೋಯಿತು ಅಂತಲೇ ಗೊತ್ತಾಗುತ್ತಿರಲಿಲ್ಲ. ಈಗಿರುವ ಎತ್ತರಕ್ಕೆ ಸೀಟ್‌ಪೋಸ್ಟಿನ ಮೇಲೆ ಟೇಪು ಸುತ್ತಿ ಗುರುತು ಮಾಡಿಡಿ. ಸರ್ವಿಸಿಗೆ ಬಿಟ್ಟಾಗ ಇಳಿಸಿಬಿಡುತ್ತಾರೆ.

ಕಾತ್ರಜ್ ಏರು

ಇನ್ನೇನು, ಮುಂದೆ 200 ಕಿ.ಮೀ. ಬ್ರೆವೆ, ಅಂದರೆ ಗೊತ್ತು ಮಾಡಿದ ಟೈಮಿನೊಳಗೆ ಮುಗಿಸುವ ದೂರದ ಸವಾರಿ. ಹದಿಮೂರೂವರೆ ಗಂಟೆ ಟೈಮ್ ಇರುತ್ತದೆ, ರಾತ್ರಿ ಊಟಕ್ಕೆ ಮನೆಗೆ. ನನ್ನ ಸೀಟು ಮಾತ್ರ ವಾಪಸ್ ಕೊಡಿ, ಇನ್ನೊಬ್ಬಳು ಕ್ಯೂನಲ್ಲಿ ಇದ್ದಾಳೆ.

ಬ್ರೇಕ್ ಬೇಡ

ರೊಟ್ಟಿ ಅವರೇ, ಒಂದು ವಿಷಯ. ಮೊನ್ನೆ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನೂ ರಟ್ಟಿನ ಮೇಲೆ ಕೂತೆ. 116 ಬಂತು. ನನ್ನ ಕಂಪನಿ ಸೀಟು 130. ನಿಮ್ಮ ಹಳೇ 142 ಸೀಟು ಕೊಡುವ ಯೋಚನೆ ಇದೆಯಾ?

ಖಡಕ್‌ವಾಸಲಾ ರೊಟ್ಟಿ

ಅಯ್ಯೋ ತಗೊಳ್ಳಿ ಅಣ್ಣಾ, ಮೂರು ತಿಂಗಳದ್ದು, ಹೊಸದರ ಹಾಗೇ ಇದೆ. ಭಾನುವಾರ ಬೆಳಿಗ್ಗೆ ಐದೂವರೆಗೆ ವಾರಜೆ ಪುಲ್ ಕೆಳಗೆ ಬನ್ನಿ. ದುಡ್ಡು ಬೇಡ, ಸಿಂಹಗಡದ ಮೇಲೆ ಪಿಠ್ಲಾ ಭಾಕ್ರಿ ಕೊಡಿಸಿ. ಅಲನ್ ಕೀ ನಾನೇ ತರುತ್ತೇನೆ.